ಬಿರುಕಿಗೆ ಇಟ್ಟ ಹೆಸರು

ಮೊಳೆ ಅರ್ಧ ಇಳಿದಿತ್ತು. ಕಂದಕದೊಳಗೆ ನಿಂತ ಅವಳು ಇನ್ನೊಂದು ಏಟಿಗೆ ಸುತ್ತಿಗೆ ಎತ್ತಿದಳು. ಮೇಲಿನಿಂದ ಒಂದು ಹಿಡಿ ಮಣ್ಣು ಹೆಲ್ಮೆಟ್ಟಿನ ಮೇಲೆ ಉದುರಿತು. ಅದರ ಹಿಂದೆಯೇ ದನಿ.

"ಆ ಚೀಟಿ ಮೇಲೆ ಏನು ಬರ್ದಿದೀಯ?"

ಕಂದಕದ ಅಂಚಿನಲ್ಲಿ ಗಾಜಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಬೆನ್ನ ಹಿಂದೆ ಬಿಸಿಲಿದ್ದುದರಿಂದ ಮುಖ ಕಾಣುತ್ತಿರಲಿಲ್ಲ. ಕಿಟಕಿ ಗಾಜು, ಕನ್ನಡಿ ಮಾರುವ ಅಂಗಡಿ ಅವಳದು. ಕಂದಕ ತೋಡಿದ್ದು ಆ ಅಂಗಡಿಯ ಹಿತ್ತಲಲ್ಲಿ.

"ದೊಡ್ಡಪ್ಪ ಅಂತ."

"ಯಾರ ದೊಡ್ಡಪ್ಪ?"

"ನನ್ನ ದೊಡ್ಡಪ್ಪ. ಯಾಕೆ, ನಿಮಗೂ ಒಬ್ಬರು ಬೇಕಿತ್ತಾ?"

ಗಾಜಮ್ಮ ನಗಲಿಲ್ಲ. "ಮೊಳೆ ಹೊಡ್ಕೋ. ದಾರ ಕಟ್ಕೋ. ಇದ್ದಿಲು ಬೇಕಾದಷ್ಟು ತಗೊಂಡು ಹೋಗು. ಹೆಸರು ಮಾತ್ರ ಬರೀಬೇಡ ಹುಡುಗಿ."

"ಬರೆದರೆ?"

"ಕರೆಯುತ್ತೆ."

"ಕರೀಲಿ ಬಿಡಿ. ದೊಡ್ಡಪ್ಪನ್ನ ಊಟಕ್ಕೆ ಕರೆಯೋಕೂ ನಮ್ಮ ಮನೇಲಿ ಯಾರಿಗೂ ಧೈರ್ಯ ಇಲ್ಲ. ಭೂಮಿಗಾದ್ರೂ ಇರ್ಲಿ."

ಅವಳು ಏಟು ಹಾಕಿದಳು. ಮೊಳೆ ತಲೆಯವರೆಗೂ ಒಂದೇ ಸಲಕ್ಕೆ ಇಳಿದುಹೋಯಿತು, ಬೆಣ್ಣೆಗೆ ಹೊಡೆದಂತೆ. ಮೇಲೆ ಅಂಗಡಿಯೊಳಗೆ, ಗೋಡೆಗೆ ಒರಗಿಸಿಟ್ಟ ಗಾಜಿನ ಹಾಳೆಗಳು ಒಟ್ಟಿಗೆ ಒಮ್ಮೆ ಗುಂಯ್‌ಗುಟ್ಟಿ ಸುಮ್ಮನಾದವು. ಲಾರಿ ಹೋಯಿತೇನೋ ಅಂದುಕೊಂಡಳು. ಗಾಜಮ್ಮ ಎದ್ದು ಹೋಗಿದ್ದಳು.

ಆ ತಂಡಕ್ಕೆ ಅವಳು ಹೊಸಬಳು. ಕೆಲಸ ಹೇಳಿದರೆ ಸರಳ, ಮಾಡಿದರೆ ಕಣ್ಣು ಹೋಗುವಂಥದ್ದು. ನೆಲದೊಳಗಿನ ದೊಡ್ಡ ಬಿರುಕು ಹಾದುಹೋಗುವ ಕಡೆ ಅಡ್ಡಲಾಗಿ ಕಂದಕ ತೋಡಬೇಕು. ಗೋಡೆಯನ್ನು ಕರಣೆಯಿಂದ ಹೆರೆದು ನುಣ್ಣಗೆ ಮಾಡಬೇಕು. ಮೊಳೆ ಹೊಡೆದು, ದಾರ ಕಟ್ಟಿ, ಗೋಡೆಯನ್ನು ಚೌಕಚೌಕವಾಗಿ ಹಂಚಿಕೊಳ್ಳಬೇಕು. ಆಮೇಲೆ ನೋಡುತ್ತಾ ಕೂರಬೇಕು. ಹಿಂದೆ ಯಾವಾಗಲೋ ಭೂಮಿ ನಡುಗಿದಾಗ ಹರಿದ ಮಣ್ಣಿನ ಪದರಗಳು ಅಲ್ಲಿ ಹಾಗೇ ಇರುತ್ತವೆ. ಅಳತೆ ತಪ್ಪಿ ಹೊಲಿದ ಎರಡು ಬಟ್ಟೆ ತುಂಡುಗಳಂತೆ ಈ ಕಡೆಯ ಪಟ್ಟೆ ಆ ಕಡೆಯದಕ್ಕೆ ಕೂಡುವುದಿಲ್ಲ. ಹರಿದ ಪದರದ ಮೇಲೆ ಹರಿಯದ ಪದರ ಕೂತಿದ್ದರೆ, ಆ ಎರಡರ ನಡುವಿನ ಹೊತ್ತಿನಲ್ಲಿ ಭೂಕಂಪ ಆಗಿದೆ ಎಂದು ಅರ್ಥ. ಅಲ್ಲಿ ಸಿಕ್ಕ ಇದ್ದಿಲಿನ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಕಾಲ ತಿಳಿಯುತ್ತದೆ.

ಈ ಗೋಡೆಯಲ್ಲಿ ಅಂಥ ಭೂಕಂಪಗಳು ಮೂರು ಕಂಡಿದ್ದವು. ಅವಕ್ಕೆ ಸಂಖ್ಯೆ ಕೊಡುವುದು ವಾಡಿಕೆ. ಆದರೆ ತಂಡದ ಯಜಮಾನರಾದ ಮೇಷ್ಟ್ರು ಮೇಲಿನಿಂದ ಕೆಳಕ್ಕೆ ಎಣಿಸುವವರು, ನಕ್ಷೆ ಬರೆಯುವವನು ಕೆಳಗಿನಿಂದ ಮೇಲಕ್ಕೆ. ಒಬ್ಬರ ಒಂದು ಇನ್ನೊಬ್ಬರ ಮೂರು. ಹಿಂದಿನ ಕಂದಕದಲ್ಲಿ ಇದೇ ಗೊಂದಲದಿಂದ ಇದ್ದಿಲುಗಳು ಅದಲುಬದಲಾಗಿ ಇಡೀ ವರದಿಯನ್ನೇ ವಾಪಸು ಪಡೆಯಬೇಕಾಗಿತ್ತಂತೆ. ಬೆಳಗ್ಗೆ ಮತ್ತೆ ಅದೇ ಜಗಳ ಶುರುವಾದಾಗ ಅವಳು ಚೀಟಿಗಳನ್ನು ಕಿತ್ತುಕೊಂಡು, "ಸಂಖ್ಯೆಯೇ ಬೇಡ, ಹೆಸರಿಡೋಣ" ಎಂದಳು.

ಕೆಳಗಿನದು ಅತಿ ದೊಡ್ಡದು. ಒಂದೇ ಏಟಿಗೆ ಎಡಗಡೆಯ ನೆಲವೆಲ್ಲ ಮೊಣಕಾಲೆತ್ತರ ಕುಸಿದು, ಆಮೇಲೆ ತಲೆಮಾರುಗಟ್ಟಲೆ ಪಿಟ್ಟೆನ್ನದೆ ಕೂತದ್ದು. ದೊಡ್ಡಪ್ಪ. ನಡುವಿನದರಲ್ಲಿ ದೊಡ್ಡ ಹರಕು ಇರಲಿಲ್ಲ. ಕವಲೊಡೆದ ನೂರಾರು ಸಣ್ಣ ಸೀಳುಗಳು, ಬಿಡದೆ ಚುಚ್ಚಿದ ಹಾಗೆ. ಅತ್ತೆ. ಮೇಲಿನದರಲ್ಲಿ ನೆಲ ಬಾಯಿಬಿಟ್ಟಿತ್ತು. ಬಿಟ್ಟ ಬಾಯಿಗೆ ಮೇಲಿನ ಕಪ್ಪು ಮಣ್ಣು ಸುರಿದು ತುಂಬಿ, ಮುಚ್ಚಿ, ಮೇಲ್ನೋಟಕ್ಕೆ ಏನೂ ಆಗಿಲ್ಲವೆಂಬಂತೆ ಕಾಣುತ್ತಿತ್ತು.

"ಇದು ನಮ್ಮಕ್ಕ," ಎಂದಿದ್ದಳು. "ಎಲ್ಲಾನೂ ನುಂಗ್ಕೊಂಡು ಸುಮ್ನಿರ್ತಾಳೆ."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಿನ್ನ ಕಡೆಯ ಮಾವಂದಿರು ಎಷ್ಟು ಜನ ಇದ್ದಾರಮ್ಮ? ಮುಂದಿನ ಕಂದಕಕ್ಕೆ ಬೇಕಾಗ್ತಾರೆ."

ಕೈ ತೊಳೆಯಲು ಅಂಗಡಿಗೆ ಹೋದಾಗ ಗಾಜಮ್ಮ ಮೇಜಿನ ಮೇಲೆ ಹಾಳೆ ಹಾಸಿಕೊಂಡು ಗಾಜು ಕೊಯ್ಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು.

"ಬೇರೆ ಕಡೆ ಮಾಟ ಅಂದ್ರೆ ಗೊಂಬೆ, ಕೂದಲು, ಏನೇನೋ. ಇಲ್ಲಿ ಅಷ್ಟೆಲ್ಲ ರಗಳೆ ಇರ್ಲಿಲ್ಲ. ಬಿರುಕು ಬಿಟ್ಟ ನೆಲ. ಒಂದು ಮೊಳೆ, ಒಂದೆಳೆ ದಾರ, ಒಂದು ಚೂರು ಇದ್ದಿಲು. ಆಗದವರ ಹೆಸರು."

ಅವಳು ತನ್ನ ಸೊಂಟದ ಚೀಲವನ್ನು ನೋಡಿಕೊಂಡಳು. ಮೊಳೆಗಳು. ದಾರದುಂಡೆ. ಬೆಳ್ಳಿ ಹಾಳೆಯಲ್ಲಿ ಸುತ್ತಿದ ಇದ್ದಿಲು. ಚೀಟಿ, ಪೆನ್ನು. ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನಮ್ಮದು ಸರ್ಕಾರದ ಮಾಟದ ಇಲಾಖೆ ಅನ್ನಿ."

ಗಾಜಮ್ಮ ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆದಳು. ಹಲ್ಲು ಜುಮ್ಮೆನಿಸುವ ಸದ್ದು. ಅಡಿಯಿಂದ ಬೆರಳಲ್ಲಿ ಒಮ್ಮೆ ತಟ್ಟಿದಳು. ಗಾಜು ಗೆರೆಯಗುಂಟ ಎರಡಾಯಿತು.

"ಗೆರೆ ಎಳೆಯೋದಷ್ಟೇ ನಮ್ಮ ಕೈಲಿರೋದು," ಎಂದಳು.

ದೊಡ್ಡಪ್ಪನ ಸುದ್ದಿ ಹೇಳಲು ಅಕ್ಕ ಫೋನು ಮಾಡಿದಾಗ ಅವಳು ಕಂದಕದೊಳಗಿದ್ದಳು. ಬಿಸಿಲಿಗೆ ಗೋಡೆ ಒಣಗಬಾರದೆಂದು ಮೇಲೆ ಟಾರ್ಪಾಲು ಹೊದಿಸಿದ್ದರು. ನಡುಮಧ್ಯಾಹ್ನವೂ ಒಳಗೆ ನೀಲಿಗತ್ತಲು. ಹಸಿ ಜೇಡಿಯ ವಾಸನೆ. ಅದರಡಿಗೆ, ಎಂದೋ ಆರಿಹೋದ ಬೆಂಕಿಯ ವಾಸನೆ.

"ಎಡಗಡೆ ಇಡೀ ಇಳಿದುಹೋಗಿದೆ ಕಣೇ," ಅಕ್ಕನ ದನಿ ಒಡೆದಿತ್ತು. "ತುಟಿ, ಭುಜ, ಕೈ. ನಡುವೆ ಗೆರೆ ಹೊಡೆದ ಹಾಗೆ. ಮಾತೂ ಹೋಗಿದೆ. ಡಾಕ್ಟರು ಮೆದುಳಿಗೆ ರಕ್ತ ಹೋಗಿಲ್ಲ ಅಂತಾರೆ."

"ಬಿಪಿ ಇತ್ತಲ್ಲ ಅವರಿಗೆ."

"ಇತ್ತು. ಪೇಪರ್ ಓದ್ತಾ ಕೂತಿದ್ರಂತೆ. 'ಬಂದೆ' ಅಂತ ಎದ್ರಂತೆ. ಯಾರೂ ಕರೆದಿರ್ಲಿಲ್ಲ ಅಂತಾರೆ ದೊಡ್ಡಮ್ಮ."

ಫೋನಿಟ್ಟ ಮೇಲೂ ಅವಳು ಗೋಡೆಯ ಕೆಳಭಾಗವನ್ನೇ ನೋಡುತ್ತಿದ್ದಳು. ಕುಸಿದ ಎಡಭಾಗ. ನೇರ ನಿಂತ ಬಲಭಾಗ. ಎಪ್ಪತ್ತು ದಾಟಿದವರು, ಜೀವಮಾನವೆಲ್ಲ ಸಿಟ್ಟು ಮಾಡಿಕೊಂಡವರು. ಇದಕ್ಕೆ ಕಾರಣ ಹುಡುಕಲು ನೆಲ ಅಗೆಯಬೇಕಿಲ್ಲ. ಹಾಗೆಂದುಕೊಂಡು ಕರಣೆ ಎತ್ತಿಕೊಂಡಳು. ಕೈ ಮಾತ್ರ ಆ ಚೌಕವನ್ನು ಬಿಟ್ಟು ಪಕ್ಕದ ಚೌಕಕ್ಕೆ ಹೋಯಿತು.

ಆ ವಾರದ ಕೊನೆಗೆ ಮೇಷ್ಟ್ರು ಇದ್ದಿಲಿನ ಪೊಟ್ಟಣಗಳನ್ನು ತೆಗೆದುಕೊಂಡು ಎಲ್ಲರನ್ನೂ ಕರೆದುಕೊಂಡು ಪಟ್ಟಣಕ್ಕೆ ಹೋದರು. ನಕ್ಷೆ ಮುಗಿಸಲು ಅವಳು ಉಳಿದಳು. ಅತ್ತೆಯ ಎಕ್ಸ್‌ರೇ ಚಿತ್ರ ಅವಳ ಫೋನಿಗೆ ಬಂದದ್ದು ಅಂದು.

ಮಾಮೂಲಿ ಮೆಟ್ಟಿಲು, ಮಾಮೂಲಿ ಜಾರಿಕೆ. ತೊಡೆಯ ಮೂಳೆ ಮಾತ್ರ ಮಾಮೂಲಿಯಾಗಿ ಮುರಿದಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಒಂದು ಸೀಳು ಮೇಲೆ ಹೋಗಿ ಕವಲಾಗಿ, ಕವಲು ಮತ್ತೆ ಕವಲಾಗಿ. ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೋ ಏನು, ಬೆಳಗಿನಿಂದ ಬರೆಯುತ್ತಿದ್ದುದೇ ಅದು. ಫೋನನ್ನು ಗೋಡೆಯ ಪಕ್ಕ ಹಿಡಿದಳು. ಬಲಕ್ಕೆ ಬಾಗುವ ಸೀಳು ಬಲಕ್ಕೇ ಬಾಗಿತ್ತು. ಅರ್ಧಕ್ಕೇ ನಿಂತ ಸೀಳು ಅರ್ಧಕ್ಕೇ ನಿಂತಿತ್ತು.

ಚಿತ್ರದ ಕೆಳಗೆ ಅತ್ತೆಯ ದನಿಮುದ್ರಿಕೆ. ನೋವಿನಲ್ಲೂ ಬೈಯುವ ಗತ್ತು ಬಿಟ್ಟಿರಲಿಲ್ಲ. "ಅಲ್ವೇ, ಮೆಟ್ಟಿಲು ಇಳೀವಾಗ ಯಾರಾದ್ರೂ ಕರೀತಾರೇನೇ? ನೀನು ಅತ್ತೇ ಅಂದೆ. ನಾನು ಓ ಅಂದೆ. ತಿರುಗಿದ್ರೆ ನೀನಿಲ್ಲ. ಯಾವಾಗ ಬಂದೆ, ಎಲ್ಲಿ ಬಚ್ಚಿಟ್ಕೊಂಡೆ? ನಿನ್ನ ದನಿ ನನಗೆ ಗೊತ್ತಾಗಲ್ವಾ?"

ಟಾರ್ಪಾಲು ಗಾಳಿಗೆ ಒಮ್ಮೆ ಉಬ್ಬಿ ಕುಸಿಯಿತು, ಉಸಿರೆಳೆದು ಬಿಟ್ಟಂತೆ. ಅವಳು ಏಣಿ ಹತ್ತಿ ಬಂದು ಅಂಗಡಿಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಫೋನು ಮಾಡಿದಳು.

ಅವ್ವ ಹೋದ ಮೇಲೆ ಅವಳ ಜಡೆ ಹೆಣೆದವಳು, ಫೀಸು ಕಟ್ಟಿದವಳು, ಹಟ ಮಾಡಿದಾಗ ಹೊಡೆದು ಆಮೇಲೆ ತಾನೇ ಅತ್ತವಳು ಅಕ್ಕ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಇಡೀ ದಿನ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

"ಅಯ್ಯೋ ಪುಟ್ಟಿ, ಈಗ ತಾನೇ ನಿನ್ನ ನೆನೆಸ್ಕೊಂಡೆ," ಎಂದಳು ಅಕ್ಕ. "ಬೆಳಗ್ಗೆ ನೀನು ಕರೆದ ಹಾಗಾಯ್ತು ಕಣೇ. ಹಿಂದಿನ ಬಾಗಿಲಿಂದ. ಅಕ್ಕಾ ಅಂತ. ಬಾಯಿ ತುಂಬಾ ಗುಂಡುಸೂಜಿ ಕಚ್ಕೊಂಡಿದ್ದೆ, ಓ ಅನ್ನೋಕಾಗ್ಲಿಲ್ಲ. ಹೋಗಿ ನೋಡಿದ್ರೆ ಯಾರೂ ಇಲ್ಲ. ಹಿತ್ತಲಲ್ಲಿ ನೆಲ ಬೇರೆ ಬಿರುಕು ಬಿಟ್ಟಿದೆ. ನೀರಿನ ಪೈಪು ಒಡೆದಿರಬೇಕು."

"ಇನ್ನೊಂದ್ಸಲ ಕರೆದರೆ ಓ ಅನ್ಬೇಡ."

"ಯಾಕೆ?"

"ಅನ್ಬೇಡ ಅಷ್ಟೇ. ನನ್ನ ದನಿ ಆದ್ರೂ. ನನ್ನ ದನಿ ಆದ್ರೆ ಇನ್ನೂ ಬೇಡ."

ಅಕ್ಕ ನಕ್ಕಳು. "ಇಷ್ಟೆಲ್ಲ ಓದಿಸಿದ್ದು ಇದಕ್ಕೇನೇ? ನೀನು ಕರೆದು ನಾನು ಓ ಅನ್ನದೆ ಇದ್ದದ್ದು ಯಾವತ್ತಾದ್ರೂ ಉಂಟಾ? ಸರಿ ಬಿಡು, ಪಿನ್ನು ಕಚ್ಕೊಂಡೇ ಇರ್ತೀನಿ. ಸಮಾಧಾನನಾ?"

"ಫೋನು ಇಡ್ಬೇಡ. ಯಂತ್ರದ ಪಕ್ಕ ಇಟ್ಕೋ. ನಾನೂ ಮಾತಾಡಲ್ಲ. ಹೊಲೀತಾ ಇರು, ಸದ್ದು ಕೇಳಿಸ್ತಿರ್ಲಿ."

"ಹುಚ್ಚಿ," ಎಂದಳು ಅಕ್ಕ. ಯಂತ್ರ ಶುರುವಾಯಿತು. ಟಕಟಕಟಕ.

ಸದ್ದನ್ನು ಜೋರು ಮಾಡಿ ಫೋನನ್ನು ಗಾಜಮ್ಮನ ಮೇಜಿನ ಮೇಲಿಟ್ಟಳು. "ಇದನ್ನ ಮುಟ್ಬೇಡಿ. ಮಾತಾಡ್ಬೇಡಿ. ಈ ಸದ್ದು ನಿಂತರೆ ನನಗೆ ಕೂಗಿ." ಗಾಜಮ್ಮ ಮೊದಲು ಫೋನನ್ನು ನೋಡಿದಳು, ಆಮೇಲೆ ಅವಳ ಮುಖ.

ಚೀಟಿ ಕಿತ್ತುಹಾಕಿದರಾಯಿತು. ಒಂದು ಮೊಳೆ, ಒಂದು ಚೀಟಿ.

ಏಣಿ ಇಳಿದಳು. ಟಾರ್ಪಾಲಿನಡಿ ಕತ್ತಲು ಮೊದಲಿಗಿಂತ ದಪ್ಪವಾಗಿತ್ತು. ಆರಿದ ಬೆಂಕಿಯ ವಾಸನೆ ಈಗ ಆರಿದ್ದಾಗಿರಲಿಲ್ಲ. ಟಾರ್ಚು ಹಾಕಿದಳು. ದೊಡ್ಡಪ್ಪನ ಚೀಟಿ ಇದ್ದಲ್ಲಿ ಬರೀ ತೂತು. ಅತ್ತೆಯದು ಇದ್ದಲ್ಲಿಯೂ ತೂತು. ಮೇಲೆ, ಬಾಯಿಬಿಟ್ಟ ಬಿರುಕಿನ ಪಕ್ಕ, ಮೂರನೆಯ ಚೀಟಿ ಇತ್ತು. ಆದರೆ ಅರ್ಧ ಮಾತ್ರ. ಉಳಿದರ್ಧದ ಮೇಲೆ ಜೇಡಿ ಬೆಳೆದುಕೊಂಡಿತ್ತು, ಗಾಯದ ಮೇಲೆ ಚರ್ಮ ಬಂದ ಹಾಗೆ. ಮೊಳೆಯ ತಲೆ ಕಾಣಿಸುತ್ತಲೇ ಇರಲಿಲ್ಲ.

ಕರಣೆಯ ಮೊನೆಯಿಂದ ಕೆದಕಿದಳು. ಮಣ್ಣು ಬೆಚ್ಚಗಿತ್ತು. ಇನ್ನೂ ಕೆದಕಿದಳು. ಇಕ್ಕಳ ತೂರಿಸಿದಳು. ಮೊಳೆ ಸಿಕ್ಕಿತು. ಎಳೆದಳು. ಅದು ಒಳಕ್ಕೆ ಹೋಯಿತು. ಯಾರೋ ಆ ತುದಿಯಿಂದ ಎಳೆದಿದ್ದರು.

ಕಪ್ಪು ಮಣ್ಣು ಸಣ್ಣಗೆ ಉದುರತೊಡಗಿತು. ಬಿರುಕಿನ ಆಳದಿಂದ. ಒಂದು ದನಿ. ಗೊತ್ತಿರುವ ದನಿ. ಮುದ್ದು ಮಾಡಿಸಿಕೊಳ್ಳುವಾಗ ತಾನು ತೆಗೆಯುವ ದನಿ.

ಅಕ್ಕಾ.

ಕರಣೆ ಬಿತ್ತು. ದಾರಗಳು ಒಂದೊಂದಾಗಿ ಹರಿದವು. ಮೊಳೆಗಳು ಗೋಡೆಯಿಂದ ಸಿಡಿದವು. ಅಕ್ಕಾ. ಗೋಡೆ ಹೊಟ್ಟೆಯಂತೆ ಉಬ್ಬಿತು. ಆಸರೆಯ ಮರ ಕಿರುಗುಟ್ಟಿತು. ಏಣಿ ಎಲ್ಲಿ? ಏಣಿ ಇಲ್ಲ. ಟಾರ್ಚು ಹೋಯಿತು. ಬಾಯೊಳಗೆ ಮಣ್ಣು. ಕಿವಿಯೊಳಗೆ ಮಣ್ಣು. ಸೊಂಟದವರೆಗೆ. ಎದೆಯವರೆಗೆ. ಅಕ್ಕಾ. ಟಾರ್ಪಾಲು ಹರಿಯಿತು. ಬೆಳಕು. ಬೆಳಕಿನಲ್ಲೊಂದು ಕೈ. ಗಾಜಿನ ಗಾಯಗಳಿಂದ ಗಟ್ಟಿಯಾದ ಅಂಗೈ. ಹಿಡಿದಳು.

ಮೇಲೆ ಬಂದಾಗ ಹಿಂದೆ ಕಂದಕವೇ ಇರಲಿಲ್ಲ. ಉದ್ದಕ್ಕೆ ಹೂತಂತೆ ಒಂದು ದಿಬ್ಬ.

ಗಾಜಮ್ಮ ಅವಳನ್ನು ಎಳೆದುಕೊಂಡು ಹೋಗಿ ಅಂಗಡಿಯ ನೆಲದ ಮೇಲೆ ಕೂರಿಸಿದಳು. ಮುಖಕ್ಕೆ ನೀರೆರಚಿದಳು. ಕಿವಿಗಳಲ್ಲಿ ಜೇಡಿ ತುಂಬಿಕೊಂಡಿತ್ತು. ಲೋಕವೆಲ್ಲ ದಪ್ಪ ಕಂಬಳಿಯ ಆಚೆ ಇದ್ದಂತೆ. ಗಾಜಮ್ಮನ ಮಾತು ಕೇಳಲು ಅವಳ ಬಾಯಿಯ ಹತ್ತಿರ ಕಿವಿ ಒಡ್ಡಬೇಕಾಯಿತು.

"ಕಿತ್ತಿಲ್ಲ ಅಲ್ವಾ?"

ಇಲ್ಲವೆಂದು ತಲೆಯಾಡಿಸಿದಳು.

"ಈಗ ಮುಚ್ಕೊಂಡಿದೆ. ಮುಚ್ಕೊಂಡ ಮೇಲೆ ಕೀಳೋಕಾಗಲ್ಲ. ಮತ್ತೆ ಕರೆಯುತ್ತೆ."

"ಅವಳು ಓ ಅನ್ನದೇ ಇದ್ರೆ?"

"ಎಷ್ಟು ದಿನ ಅನ್ನದೇ ಇರ್ತಾಳೆ? ಯಾರಾದ್ರೂ ಒಬ್ಬರು ಅನ್ನೋವರೆಗೂ ಅದು ಕಾಯುತ್ತೆ. ಯಾರು ಕರೆದಿದ್ರೂ ಸರಿ, ಆ ಹೆಸರಿಗೆ ಓಗೊಟ್ಟವರು ಯಾರೋ ಅವರೇ ಅದರ ಪಾಲು. ಅದಕ್ಕೆ ಮುಖ ಗೊತ್ತಾಗಲ್ಲ."

ಹೇಳಿದ ಮೇಲೆ ಗಾಜಮ್ಮ ನಾಲಿಗೆ ಕಚ್ಚಿಕೊಂಡಳು. ಹೇಳಬಾರದ್ದನ್ನು ಹೇಳಿದ್ದಳು. ಹುಡುಗಿಯ ಕಣ್ಣಿನಲ್ಲಿ ಅದು ಹೊಳೆದದ್ದನ್ನೂ ಕಂಡಳು.

ಯಾರಾದರೂ ಒಬ್ಬರು. ಅವಳು ಚೀಟಿಯ ಮೇಲೆ ಬರೆದದ್ದು ಯಾರೊಬ್ಬರ ಹೆಸರನ್ನೂ ಅಲ್ಲ. ಅಕ್ಕ. ತರಕಾರಿ ಮಾರುವವಳನ್ನು ಕರೆಯುವ ಮಾತು ಅದು. ಬಸ್ಸಿನಲ್ಲಿ ಪಕ್ಕದ ಸೀಟಿನವಳನ್ನು, ಆಸ್ಪತ್ರೆಯ ದಾದಿಯನ್ನು, ವಯಸ್ಸಿನಲ್ಲಿ ತುಸು ದೊಡ್ಡವಳಾದ ಯಾವ ಹೆಂಗಸನ್ನಾದರೂ. ಇಷ್ಟು ದಿನ ಗಾಜಮ್ಮನನ್ನು ಹಾಗೆ ಕರೆಯದೆ ಇದ್ದದ್ದು ತನ್ನ ಧಿಮಾಕು, ಅಷ್ಟೆ.

ಗಾಜಮ್ಮ ಎದ್ದು ಹಿಂದೆ ಸರಿದಳು. ಗಾಜಿನ ಹಾಳೆಗಳಿಗೆ ಬೆನ್ನು ತಾಗಿತು.

"ನಿಮಗೆ ಹೇಗೂ ಯಾರೂ ಇಲ್ಲ," ಎಂದಳು ಅವಳು ಮಂಡಿಯ ಮೇಲೆ ತೆವಳುತ್ತ. "ನಾನಿಲ್ಲೇ ಇರ್ತೀನಿ. ಅಂಗಡಿ ನೋಡ್ಕೋತೀನಿ. ಒಡಹುಟ್ಟಿದ ತಂಗಿ ಅಂದ್ಕೊಳ್ಳಿ ನನ್ನ."

"ಹುಡುಗಿ, ಬೇಡ."

"ಬರೀ ಓ ಅನ್ನಿ. ಇದೆಲ್ಲ ಸುಳ್ಳೇ ಇರಬಹುದು ಅಲ್ವಾ? ಸುಳ್ಳಾದ್ರೆ ಅಂದುಬಿಡೋಕೆ ನಿಮಗೇನು?"

ಗಾಜಮ್ಮ ಅಂಗೈಯಿಂದ ತನ್ನ ಬಾಯಿ ಒತ್ತಿ ಮುಚ್ಚಿಕೊಂಡಳು. ಇನ್ನೊಂದು ಕೈ ಎತ್ತಿ ಅಲ್ಲಾಡಿಸಿದಳು. ಮೇಜಿನ ಕಡೆ ಬೊಟ್ಟು ಮಾಡಿದಳು. ಮತ್ತೆ ಮಾಡಿದಳು. ಆಚೆ ಹೋಗು ಅನ್ನುತ್ತಿದ್ದಾಳೆ ಎಂದುಕೊಂಡಳು ಇವಳು. ಹಿಂದೆ ಗಾಜುಗಳು ನಡುಗುತ್ತಿದ್ದವು. ಕಿವಿಗೆ ಕೇಳದಿದ್ದರೂ ನೆಲದಿಂದ ಮಂಡಿಗೆ, ಮಂಡಿಯಿಂದ ಹಲ್ಲಿಗೆ ಆ ಗುಂಯ್ ಹತ್ತುತ್ತಿತ್ತು. ಗಾಜಮ್ಮನ ಸೀರೆಯ ಅಂಚು ಹಿಡಿದಳು. ಗಾಜಮ್ಮ ಕಣ್ಣಗಲಿಸಿ ತಲೆಯಾಡಿಸುತ್ತಿದ್ದಳು, ಬೇಡ, ಬೇಡ, ಮತ್ತೆ ಮೇಜಿನ ಕಡೆಗೇ ಬೊಟ್ಟು.

ಇವಳು ಎದೆಯ ಉಸಿರನ್ನೆಲ್ಲ ಒಟ್ಟುಮಾಡಿ ಕರೆದಳು. ಮುದ್ದಿನ ದನಿಯಲ್ಲಿ. ಭೂಮಿ ಕದ್ದದ್ದು ಇದೇ ದನಿಯನ್ನು; ಇದು ಅಸಲು.

"ಅಕ್ಕಾ!"

ಗಾಜಮ್ಮನ ಬಾಯಿ ಮುಚ್ಚೇ ಇತ್ತು.

ಮೇಜಿನ ಮೇಲಿನ ಫೋನಿನಲ್ಲಿ ಟಕಟಕ ನಿಂತಿತು. ನಿಂತ ಮೇಲೆಯೇ ಅವಳಿಗೆ ಗೊತ್ತಾದದ್ದು, ಇಷ್ಟು ಹೊತ್ತೂ ಅದು ಕೇಳುತ್ತಿತ್ತೆಂದು. ಗುಂಡುಸೂಜಿಗಳನ್ನು ಅಂಗೈಗೆ ಉಗುಳಿಕೊಂಡ ಸಣ್ಣ ಸದ್ದು. ಆಮೇಲೆ, ಕಿವಿಯ ಜೇಡಿಯನ್ನೆಲ್ಲ ಸೀಳಿಕೊಂಡು, ಸ್ಪಷ್ಟವಾಗಿ, ಗಾಬರಿಯಿಂದ, ಪ್ರೀತಿಯಿಂದ:

"ಓ!"

ಸೂಜಿಗಳು ನೆಲಕ್ಕೆ ಚೆಲ್ಲಿದವು. ಕುರ್ಚಿ ಉರುಳಿತು. ಬಳಿಕ ಸಣ್ಣಗೆ, ಅವಸರವಿಲ್ಲದೆ, ಮಣ್ಣು ಸುರಿಯುವ ಸದ್ದು. ಎಲ್ಲೋ ಒಂದು ಬಾಯಿ ತುಂಬುತ್ತಿತ್ತು. ಸುರಿಯಿತು. ಸುರಿಯಿತು. ಮುಚ್ಚಿತು.

ಗಾಜಿನ ಹಾಳೆಗಳು ಒಟ್ಟಿಗೆ ಸುಮ್ಮನಾದವು. ಅಂಗಡಿಯಲ್ಲಿ ಹೊರಗಿನ ಬೀದಿಯ ಸದ್ದು ಬಂದು ತುಂಬಿಕೊಂಡಿತು. ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು, ಯಾರೋ ನಕ್ಕರು. ಫೋನು ಆರಿಹೋಗಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗಾಜಮ್ಮ ಬಾಯಿಂದ ಕೈ ತೆಗೆದಳು. ಒತ್ತಿ ಹಿಡಿದಿದ್ದಕ್ಕೆ ತುಟಿಯ ಸುತ್ತ ಬೆರಳುಗಳ ಅಚ್ಚು ಬಿದ್ದಿತ್ತು. ಎದುರಿಗೆ ಬಂದು, ಮೆಲ್ಲಗೆ, ಮಣ್ಣು ಮೆತ್ತಿದ ಆ ತಲೆಯ ಮೇಲೆ ಅಂಗೈ ಇಟ್ಟು ಕೂತಳು.

"ಈಗ ಕರಿ," ಎಂದಳು. "ಇನ್ನು ಏನೂ ಆಗಲ್ಲ. ಎಷ್ಟು ಸಲ ಬೇಕಾದ್ರೂ ಕರಿ, ನಾನು ಓ ಅಂತೀನಿ."

ಅವಳು ತಲೆಯ ಮೇಲಿನ ಕೈಯನ್ನು ತೆಗೆದು ಕೆಳಗಿಟ್ಟಳು.

"ಬೇಡ."